ವನ್ಸ್ ಮೋರ್ ನುಂಗುವ ಕೈ

'ಅತ್ತಿ ಬಂದ್ಳು, ಬಾಗಲಾ ಹಾಕು' ಎಂಬ ಸಾಮಾಜಿಕ ನಾಟಕದ ಎರಡನೆಯ ಅಂಕದಲ್ಲಿ ನಾಯಕಿ ತನ್ನ ಹಾಡು ಮುಗಿಸಿದಾಗ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುವುದು ಸರಿಯೋ ತಪ್ಪೋ ಎಂಬುದು ಒಂದು ಸರ್ಕಾರಿ ಸಮಿತಿ, ಒಂದು ತಂತ್ರಜ್ಞಾನ ಕೇಂದ್ರ, ಐದು ನಾಟಕ ಕಂಪನಿಗಳು ಮತ್ತು ಒಬ್ಬ ಗಂಟಲು ವೈದ್ಯರು ಕೂಡಿ ಯೋಚಿಸಬೇಕಾಗಿ ಬಂದ ಗಹನವಾದ ವಿಷಯ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ವಿಷಯಗಳಿವೆ ಎನ್ನುವವರಿದ್ದಾರೆ. ಅವರು ಕಂಪನಿ ಟೆಂಟು ಹಾಕಿದ ನರಗುಂದದ ಕ್ಯಾಂಪಿನಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನಾಟಕ ನೋಡಿದವರಲ್ಲ.

ಆಗ ಪೇಟಿ ಮಾಸ್ತರರ ಸಂತತಿ ಮುಗಿಯುತ್ತ ಬಂದಿತ್ತು. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಹೋಗಿ ಸಿಂಥಸೈಜರ್ ಬಂದು ಎಷ್ಟೋ ಕಾಲವಾಗಿದ್ದರೂ ಅದನ್ನೂ ಪೇಟಿ ಎಂದೇ ಕರೆಯುತ್ತಿದ್ದರು. ತಬಲಾದವನು ಅದರೊಳಗೆ ಒಂದು ಗುಂಡಿಯಾಗಿ ಸೇರಿಹೋಗಿದ್ದ. ಹಾಡು ಬಾರಿಸುವವರಿಗೆ ಬರವಿರಲಿಲ್ಲ. ಆದರೆ ನಾಟಕದ ಪೇಟಿ ಎಂದರೆ ಬಾರಿಸುವ ಕೆಲಸವಲ್ಲ, ಕಾಯುವ ಕೆಲಸ. ನಟ ಮಾತು ಮರೆತರೆ ಕಾಯಬೇಕು. ಸೆರಗು ಮೊಳೆಗೆ ಸಿಕ್ಕರೆ ಬಿಡಿಸಿಕೊಳ್ಳುವತನಕ ಕಾಯಬೇಕು. ಖಳನಾಯಕ ಚಪ್ಪಾಳೆಗೆಂದು ನಿಂತರೆ ಚಪ್ಪಾಳೆ ಬರುವತನಕ ಕಾಯಬೇಕು, ಬರದಿದ್ದರೆ ಬಂದಷ್ಟೇ ಖುಷಿಯಲ್ಲಿ ಮುಂದಿನ ಸ್ವರ ಕೊಡಬೇಕು. ಹೀಗೆ ಕಾಯಬಲ್ಲವರು ಆ ಸೀಮೆಯಲ್ಲಿ ಉಳಿದಿದ್ದವರು ಒಬ್ಬರೇ, ನರಗುಂದದ ಫಕೀರಪ್ಪ ಮಾಸ್ತರ. ಕಂಪನಿಗಳಿದ್ದದ್ದು ಐದು.

ಈ ಲೆಕ್ಕ ಸರಿಪಡಿಸಲೆಂದು ಧಾರವಾಡದಲ್ಲಿ, ಬಾರಿಸುವವರ ಕೈಯ ಜಾಡು ಹಿಡಿದಿಡುವ ಸರ್ಕಾರದ ಕೈಜಾಡು ಕೇಂದ್ರ ಹುಟ್ಟಿತು. ಅದರ ಎಂಜಿನಿಯರ್ ಶಾಹೀನ್ ನದಾಫ ಒಂದು ಮಧ್ಯಾಹ್ನ ನರಗುಂದದ ಕ್ಯಾಂಪಿಗೆ ಬಂದು, ಮಾಸ್ತರರ ಸಿಂಥಸೈಜರಿನ ಬೆನ್ನಿಗೆ ಒಂದು ಕೇಬಲ್ ಸಿಕ್ಕಿಸಿದಳು.

"ಇದಕ್ಕ ಮೈಕ್ ಎಲ್ಲೈತ್ರಿ ಮೇಡಂ?" ಮಾಸ್ತರ ಕೇಳಿದರು.

"ಮೈಕ್ ಬೇಕಿಲ್ರಿ. ನಾವು ಧ್ವನಿ ಹಿಡಿಯೂದಿಲ್ಲ. ಧ್ವನಿ ಪೇಟಿದು. ನಾವು ಹಿಡಿಯೂದು ನಿಮ್ಮ ಕೈ. ಯಾವ ಕೀ ಒತ್ತಿದ್ರಿ, ಯಾವಾಗ ಒತ್ತಿದ್ರಿ, ಎಷ್ಟು ಜೋರ ಒತ್ತಿದ್ರಿ, ಯಾವಾಗ ಬಿಟ್ರಿ. ಅಷ್ಟ."

"ಅಷ್ಟ ಅಂದ್ರ?"

"ಅಷ್ಟ ಅಂದ್ರ ಅಷ್ಟ ರಿ. ನಾಳೆ ಅದನ್ನ ತಿರುಗಿ ಪೇಟಿಗೆ ಹೇಳತೀವಿ. ಇದನ್ನ ಒತ್ತು, ಇಷ್ಟೊತ್ತು ಹಿಡಿ, ಬಿಡು. ಪೇಟಿ ತಾನ ಬಾರಸ್ತೈತಿ."

"ಮತ್ತ ನಾನು?"

"ನೀವು ಮನ್ಯಾಗ ಆರಾಮ ಇರ್ರಿ."

ಈ ಬಗೆಯ ಬರವಣಿಗೆಗೆ ಮಿಡಿ ಎಂದು ಹೆಸರು. ಉಪ್ಪಿನಕಾಯಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಒಂದು ಸಾದೃಶ್ಯವಿದೆ. ಎರಡೂ ಹಾಕಿಟ್ಟವರು ಪಕ್ಕದಲ್ಲಿಲ್ಲದಾಗ ಉಪಯೋಗಕ್ಕೆ ಬರುವಂಥವು.

ಆ ಸಂಜೆಯ ಆಟ ಕಂಪನಿಯ ನೆನಪಿನಲ್ಲೇ ಒಳ್ಳೆಯ ಆಟ. ನಾಯಕಿ ವಿಮಲಾ ಕೆರೂರ ಎರಡನೆಯ ಅಂಕದ ಹಾಡನ್ನು ತಾರಕದಲ್ಲಿ ನಿಲ್ಲಿಸಿದಾಗ ಇಡೀ ಟೆಂಟು 'ವನ್ಸ್ ಮೋರ್' ಎಂದಿತು. ಮಾಸ್ತರ ಅವಳತ್ತ ನೋಡಿದರು, ಅವಳು ನಕ್ಕಳು, ಹಾಡು ಮತ್ತೆ ಮೊದಲಿಂದ ಶುರುವಾಯಿತು. ಎರಡನೆಯ ಸಲ ನಡುವೆ ಅವಳಿಗೊಂದು ಕೆಮ್ಮು ಬಂತು. ಅದು ಮುಗಿಯುವತನಕ ಮಾಸ್ತರ ಒಂದೇ ಸ್ವರ ಹಿಡಿದು ಕಾದರು. ಮೂರನೆಯ ಅಂಕದಲ್ಲಿ ಖಳನಾಯಕನ ಮೀಸೆ ಅರ್ಧ ಕಳಚಿತು. ಅವನು ಜನರಿಗೆ ಬೆನ್ನು ತಿರುಗಿಸಿ ಅಂಟಿಸಿಕೊಳ್ಳುವಾಗ ಮಾಸ್ತರ ಹಾವಾಡಿಗರ ನಾದವೊಂದನ್ನು ತುಂಬಿಕೊಟ್ಟರು. ಇವೆಲ್ಲ ದಾಖಲೆಯಾದವು. ದಾಖಲೆಗೆ ಮೀಸೆಯೂ ಗೊತ್ತಿಲ್ಲ, ಕೆಮ್ಮೂ ಗೊತ್ತಿಲ್ಲ. ಒಂದು ಕೀ ಬಹಳ ಹೊತ್ತು ಒತ್ತಿಕೊಂಡಿತ್ತು ಎನ್ನುವುದಷ್ಟೇ ಗೊತ್ತು.

ಇದರಲ್ಲಿ ತೆಗೆದುಹಾಕುವುದು ಏನಾದರೂ ಇದೆಯೇ ಎಂದು ಶಾಹೀನ್ ಕೇಳಿದಳು. ಕಂಪನಿಯ ಮಾಲೀಕ ರಾಚಪ್ಪನವರು ಅಪಮಾನವಾದವರಂತೆ ನೋಡಿದರು.

"ವನ್ಸ್ ಮೋರ್ ಬಿದ್ದ ಆಟಾ ರಿ ಇದು. ಬೀಳದ್ದು ಯಾರಿಗೆ ಬೇಕು? ಹಂಗ ಕಳಸ್ರಿ."

ಹಾಗೇ ಹೋಯಿತು. ದಾಖಲೆ ಕಳುವಾಗಬಾರದೆಂದು ಕೇಂದ್ರದವರು ಅದನ್ನು ಧಾರವಾಡದಲ್ಲೇ ಇಟ್ಟುಕೊಂಡರು. ಸಂಜೆ ಐದೂ ಕ್ಯಾಂಪುಗಳಲ್ಲಿ ಅದೇ ನಾಟಕಕ್ಕೆ ಪರದೆ ಒಟ್ಟಿಗೆ ಏಳುತ್ತಿತ್ತು, ಧಾರವಾಡದಿಂದ ತಂತಿಯ ಮೇಲೆ ಮಾಸ್ತರರ ಕೈ ಐದೂ ಊರಿಗೆ ಹೊರಡುತ್ತಿತ್ತು, ಐದು ಸಿಂಥಸೈಜರುಗಳು ಯಾರೂ ಮುಟ್ಟದೆ ಬಾರಿಸುತ್ತಿದ್ದವು. ಐದೂ ಒಂದೇ ಮಾದರಿಯವು, ಒಂದೇ ದನಿಗೆ ಕೂರಿಸಿದವು. ಇಲ್ಲದಿದ್ದರೆ ನರಗುಂದದಲ್ಲಿ ಕೊಳಲಾದದ್ದು ಹುನಗುಂದದಲ್ಲಿ ಜಾಗಟೆಯಾಗುತ್ತಿತ್ತು.

ಮೊದಲ ಸಂಜೆ ತೊಂದರೆಯಾಯಿತು. ವಿಮಲಾ ಹಾಡಿ ಮುಗಿಸಿದಳು, ಯಾರೂ ವನ್ಸ್ ಮೋರ್ ಅನ್ನಲಿಲ್ಲ, ಪೇಟಿ ಮಾತ್ರ ಬೇಡಿದವರಿದ್ದಾರೆಂಬಂತೆ ಮತ್ತೆ ಮೊದಲಿಂದ ಶುರುಮಾಡಿತು. ಮರುದಿನದಿಂದ ರಾಚಪ್ಪನವರು ಗೇಟು ಕಾಯುವ ಯಮನೂರಪ್ಪನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಹಾಡು ಮುಗಿದೊಡನೆ ಕೂಗಲು ಹೇಳಿದರು. ಉಳಿದ ನಾಲ್ಕು ಕಂಪನಿಗಳೂ ಒಬ್ಬೊಬ್ಬರನ್ನು ನೇಮಿಸಿಕೊಂಡವು. ಎರಡನೆಯ ಸಲ ಹಾಡುವಾಗ ಒಂದು ಸ್ವರ ಉದ್ದಕ್ಕೆ ನಿಲ್ಲುತ್ತಿತ್ತಷ್ಟೆ, ಆ ಖಾಲಿ ಜಾಗದಲ್ಲಿ ಐದೂ ಊರಿನ ನಾಯಕಿಯರು ಕೆಮ್ಮತೊಡಗಿದರು. ಖಳನಾಯಕರು ಮೂರನೆಯ ಅಂಕಕ್ಕೆ ಮೀಸೆಯನ್ನು ಸಡಿಲವಾಗಿ ಅಂಟಿಸಿಕೊಂಡು ಬಂದರು. ಜನಕ್ಕೆ ಇದೆಲ್ಲ ಬಹಳ ಹಿಡಿಸಿತು. ಸ್ವಲ್ಪ ಕಾಲದಲ್ಲಿ ಯಮನೂರಪ್ಪ ಕೂಗಬೇಕಾದ ಅಗತ್ಯವೇ ಇಲ್ಲದಾಯಿತು, ಟೆಂಟೇ ಕೂಗುತ್ತಿತ್ತು. ಒಂದು ಪತ್ರಿಕೆಯಲ್ಲಿ ಒಬ್ಬ ವಿಮರ್ಶಕರು ನಾಯಕಿಯ ಕೆಮ್ಮು ಹೆಣ್ಣಿನ ತಡೆಹಿಡಿದ ಮಾತಿನ ಸಂಕೇತವೆಂದು ಬರೆದರು. ವಿಮಲಾ ಅದನ್ನು ಓದಿ, ತನಗೆ ಆ ದಿನ ಚಹಾದಲ್ಲಿ ಶುಂಠಿ ಜಾಸ್ತಿಯಾಗಿತ್ತು ಎಂದಳು. ಯಾರೂ ಒಪ್ಪಲಿಲ್ಲ.

ಧಾರವಾಡದ ಪರದೆಯ ಮೇಲೆ ಪ್ರತಿ ಸಂಜೆ ಒಂದೇ ಸಾಲು ಬರುತ್ತಿತ್ತು: ದೋಷ ಇಲ್ಲ.

ದೋಷವಿದ್ದದ್ದು ಮಾಸ್ತರರ ಮನೆಯಲ್ಲಿ. ಸಂಜೆಯಾದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದೇನೋ ಬಿಟ್ಟಿದ್ದೇನೋ ಎಂಬುದೇ ತಿಳಿಯುತ್ತಿರಲಿಲ್ಲ. ಯಾರಾದರೂ "ಇವತ್ತ ಆಟ ಹೆಂಗಾತ್ರಿ ಮಾಸ್ತರ?" ಎಂದರೆ "ಛಲೋ ಆತು" ಎಂದುಬಿಡುತ್ತಿದ್ದರು, ಆಮೇಲೆ ತಾವು ಸುಳ್ಳು ಹೇಳಿದೆವೋ ಏನೋ ಎಂದು ಚಿಂತಿಸುತ್ತಿದ್ದರು. ಹೆಂಡತಿ ದ್ಯಾಮವ್ವನಿಗೆ ಇಂಥ ಗೊಂದಲಗಳಿರಲಿಲ್ಲ.

"ನಿಮ್ಮ ಕೈ ಐದೂರಾಗ ದುಡೀತಾವ, ಇಲ್ಲಿ ಒಂದು ಬದನಿಕಾಯಿ ಹೆಚ್ಚಾಕ ಆಗೂದಿಲ್ಲೇನು?" ಎಂದು ಈಳಿಗೆಯನ್ನು ಅವರತ್ತ ಸರಿಸುತ್ತಿದ್ದಳು.

ಮಾಸ್ತರ ಹೆಚ್ಚುತ್ತಿದ್ದರು. ಎರಡನೆಯ ಅಂಕದ ಹೊತ್ತಿಗೆ ನಿಲ್ಲಿಸುತ್ತಿದ್ದರು.

"ಯಾಕ ನಿಂತ್ರಿ?"

"ಈಗ ಆಕಿ ಕೆಮ್ಮತಾಳ."

"ಆಕಿ ಕೆಮ್ಮಿದ್ರ ಬದನಿಕಾಯಿಗೇನಾತು?"

ವಿಮಲಾ ಅವರ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಕುತ್ತಿಗೆಗೆ ಮಫ್ಲರ್ ಸುತ್ತಿದ್ದಳು. ದ್ಯಾಮವ್ವ ಕೊಟ್ಟ ಬಿಸಿನೀರನ್ನು ಕುಡಿದು, ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಮಾತಾಡಿದಳು.

"ಹುಬ್ಬಳ್ಳ್ಯಾಗ ಗಂಟಲಾ ತೋರಿಸಿದೆ ಮಾಸ್ತರ. ಒಳಗ ಗಂಟು ಆಗ್ಯಾವಂತ, ಜ್ವಾಳದ ಕಾಳಿನಂಥವು. ಒಂದ ಸಲ ಹಾಡಿದ್ರ ತಡೀತೈತಿ, ದಿನಾ ಎರಡೆರಡು ಸಲ ಆ ತಾರಕ ಮುಟ್ಟಿದ್ರ ಹಾಡೂ ಇಲ್ಲ, ಮಾತೂ ಇಲ್ಲ ಅಂದ್ರು ಡಾಕ್ಟರು."

"ಎರಡನೇ ಸಲ ಸುಮ್ನ ನಿಂದ್ರು."

"ಮೊನ್ನಿ ನಿಂತಿದ್ದೆ. ನಿಮ್ಮ ಕೈ ಪೂರ್ತಿ ಹಾಡು ಬಾರಸ್ತು, ನಾ ಬಟ್ಟಿ ಅಂಗಡಿ ಗೊಂಬಿ ಹಂಗ ನಿಂತೆ. ಜನಾ ಕುರ್ಚಿ ಎತ್ತಿದ್ರು. ಮಾಲೀಕರು ಏನಂದ್ರು ಗೊತ್ತೇನು? ಗಜೇಂದ್ರಗಡದ ಕಂಪನ್ಯಾಗ ಕಾವೇರಿ ಅಂತ ಹುಡುಗಿ ಐತಿ, ಎರಡೂ ಸಲ ಹಾಡತಾಳ, ಕೆಮ್ಮೂದನ್ನೂ ನಿನಗಿಂತ ಛಲೋ ಕೆಮ್ಮತಾಳ ಅಂತ."

"ನಿನ್ನ ಕೆಮ್ಮ ಅದು," ದ್ಯಾಮವ್ವ ಸಿಟ್ಟಿನಿಂದ ಎಂದಳು.

"ಮೊದಲ ನೀವು ನುಂಗತಿದ್ರಲ್ಲ ಮಾಸ್ತರ," ವಿಮಲಾ ಎಂದಳು. "ಈಗ್ಯಾಕ ನಿಮ್ಮ ಕೈ ನುಂಗವಲ್ಲದು?"

ನುಂಗುವುದು ಕಂಪನಿಯವರ ಮಾತು. ವನ್ಸ್ ಮೋರ್ ಬಿದ್ದ ಮೇಲೆ ಒಲ್ಲೆ ಎನ್ನುವಂತಿಲ್ಲ. ಸಾಯುವ ಪಾತ್ರವಾದರೂ ಎದ್ದು ಕೂತು ಹಾಡಿ ಮತ್ತೆ ಸಾಯಬೇಕು. ಅದು ಜನರ ಹಕ್ಕು. ಆದರೆ ಬೀಳುವ ಮೊದಲೇ ತಡೆಯುವುದು ಪೇಟಿ ಮಾಸ್ತರನ ಹಕ್ಕು. ಹಾಡಿನ ಕೊನೆಯ ಸ್ವರ ಇನ್ನೂ ಇಳಿಯುತ್ತಿರುವಾಗ ಆತ ಹಾಡುವವರ ಮುಖ ನೋಡುತ್ತಾನೆ. ಮುಖ ಬಾಡಿದ್ದರೆ, ಕೂಗು ಜನರ ಗಂಟಲಿಗೆ ಬಂದು ಬಾಯಿಗೆ ಬರುವಷ್ಟರಲ್ಲಿ, ಮುಂದಿನ ಪ್ರವೇಶದ ನಾದವನ್ನು ಜೋರಾಗಿ ಎತ್ತಿಬಿಡುತ್ತಾನೆ. ಅತ್ತೆ ರಂಗಕ್ಕೆ ಬಂದುಬಿಡುತ್ತಾಳೆ. ಅತ್ತೆಯ ಎದುರು ಯಾರೂ ವನ್ಸ್ ಮೋರ್ ಅನ್ನುವುದಿಲ್ಲ. ದಾಖಲೆಯಾದ ಸಂಜೆ ವಿಮಲಾಳ ಮುಖ ಅರಳಿತ್ತು, ಮಾಸ್ತರ ನುಂಗಿರಲಿಲ್ಲ. ಆ ಒಂದು ಅರಳಿದ ಮುಖದ ಮೇಲೆ ಅವರ ಕೈ ಅಂದಿನಿಂದ ಪ್ರತಿ ಸಂಜೆ ತೀರ್ಮಾನ ತೆಗೆದುಕೊಳ್ಳುತ್ತಿತ್ತು.

"ಹೌದಲ್ಲ," ಎಂದರು ಮಾಸ್ತರ, ಬೇರೊಬ್ಬರ ತಪ್ಪು ಕೇಳಿದವರಂತೆ. "ಯಾಕ ನುಂಗವಲ್ಲದು ಅದು?"

ಮರುದಿನ ಮಾಸ್ತರ, ವಿಮಲಾ ಇಬ್ಬರೂ ಬಸ್ಸು ಹಿಡಿದು ಧಾರವಾಡಕ್ಕೆ ಹೋದರು. ಕೈಜಾಡು ಕೇಂದ್ರದ ನಿಯಂತ್ರಣ ಕೋಣೆ ತಣ್ಣಗಿತ್ತು. ಗೋಡೆಯ ಮೇಲೆ ಐದು ಊರುಗಳ ಹೆಸರು, ಹೆಸರಿನ ಮುಂದೊಂದು ಹಸಿರು ದೀಪ. ಶಾಹೀನ್ ಪರದೆಯ ಮೇಲೆ ದಾಖಲೆ ತೆರೆದಳು. ಸ್ವರಗಳು ಸಣ್ಣ ದೊಡ್ಡ ಪಟ್ಟೆಗಳಾಗಿ ಕಂಡವು. ಜೋರಾಗಿ ಒತ್ತಿದ್ದು ದಟ್ಟ, ಮೆಲ್ಲಗೆ ಒತ್ತಿದ್ದು ತೆಳು. ನಡುವೆ ಒಂದು ಪಟ್ಟೆ ಮಾತ್ರ ರೈಲು ಹಳಿಯ ಹಾಗೆ ಉದ್ದಕ್ಕೆ ಹೋಗಿತ್ತು.

"ಇದು ನನ್ನ ಕೆಮ್ಮೇನ್ರಿ?" ವಿಮಲಾ ಕೇಳಿದಳು.

"ನಿಮ್ಮ ಕೆಮ್ಮಿಗೆ ಕಾದ ಮಾಸ್ತರರ ಕಿರುಬೆರಳು," ಎಂದಳು ಶಾಹೀನ್. "ತೆಗೆಯೂದು ಸರಳ ಐತ್ರಿ. ಎರಡನೇ ಸಲದ ಹಾಡು ಇಲ್ಲಿಂದ ಇಲ್ಲೀತನಕ. ಕತ್ತರಿಸಿ ಅತ್ತಿ ಪ್ರವೇಶಕ್ಕ ಜೋಡಸ್ತೀನಿ. ಹಾಡು ಮುಗದ ಮ್ಯಾಲೆ ಎಷ್ಟೊತ್ತಿಗೆ ಅತ್ತಿ ನಾದ ಬರಬೇಕು ಹೇಳ್ರಿ."

ಮಾಸ್ತರ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹಣೆಯ ಮೇಲೆ ಬೆವರು ಬಂತು.

"ಹೇಳಾಕ ಬರವಲ್ಲದ್ರಿ."

"ಅಂದಾಜು?"

"ಜನಾ ಹೆಂಗ ಕೂತಿರತಾರ ಅದರ ಮ್ಯಾಲೆ ರಿ. ಸಂತಿ ದಿನಾ ಲಗೂ. ಮಳಿ ಬಂದಿದ್ರ ಸ್ವಲ್ಪ ತಡಾ. ನೀವ ಒಂದು ಹಾಕ್ರಿ, ನನಗಿಂತ ನಿಮಗ ಛಲೋ ತಿಳೀತೈತಿ."

ಶಾಹೀನ್ ಒಂದು ಹಾಕಿದಳು. ಪರದೆಯ ಮೇಲೆ ಪಟ್ಟೆಗಳ ಒಂದು ಇಡೀ ಹೊಲ ಅಳಿಸಿಹೋಯಿತು. ಮಾಸ್ತರ ತಮಗೇ ತಿಳಿಯದೆ ಎರಡೂ ಕೈಗಳನ್ನು ಕೋಟಿನ ಜೇಬಿಗಿಟ್ಟುಕೊಂಡರು.

ಆ ಸಂಜೆ ನರಗುಂದದಲ್ಲಿ ಅತ್ತೆಯ ನಾದ ಸ್ವಲ್ಪ ತಡವಾಗಿ ಬಂತು. ಎಷ್ಟು ತಡ ಎಂದರೆ ಒಂದು ಟೆಂಟಿನ ಜನ ಬಾಯಿ ತೆರೆಯುವಷ್ಟು. ವನ್ಸ್ ಮೋರ್ ಬಿತ್ತು. ಅತ್ತೆಯ ಪಾತ್ರದಾಕೆ ರಂಗದ ಅರ್ಧಕ್ಕೆ ಬಂದು, ಜನರ ಸದ್ದು ಕೇಳಿ, ನಾಟಕದ ಇತಿಹಾಸದಲ್ಲೇ ಮೊದಲ ಬಾರಿಗೆ ಸೊಸೆಗೆ ಹೆದರಿ ಒಳಗೆ ಹೋದಳು. ಪೇಟಿ ಮುಂದಿನ ದೃಶ್ಯದ ಜಗಳಕ್ಕೆ ನಾದ ಕೊಡುತ್ತ ತನ್ನಷ್ಟಕ್ಕೆ ಸಾಗಿತು. ಬೇರೆ ದಾರಿ ಕಾಣದೆ ವಿಮಲಾ ಯಾವ ಆಸರೆಯೂ ಇಲ್ಲದೆ, ಜಗಳದ ನಾದದ ಮೇಲೆಯೇ ಹಾಡನ್ನು ಮತ್ತೆ ಹಾಡಿದಳು. ಮರುದಿನ ಬೆಳಿಗ್ಗೆ ಅವಳಿಂದ ಹಾಲಿನವನಿಗೆ ಅರ್ಧ ಲೀಟರು ಎಂದು ಹೇಳಲಾಗಲಿಲ್ಲ, ಬೆರಳಲ್ಲಿ ತೋರಿಸಿದಳು.

ಉಳಿದ ನಾಲ್ಕು ಊರುಗಳಿಂದಲೂ ಬೈಗುಳ ಬಂದವು. ಶಾಹೀನ್ ಹಳೆಯ ದಾಖಲೆಯನ್ನೇ ಮರಳಿ ಕೂರಿಸಿದಳು.

"ಹಂಗಾರ ನಾನ ಹೋಗಿ ಕುಂದರತೀನ್ರಿ," ಮಾಸ್ತರ ಫೋನಿನಲ್ಲಿ ಅವಳಿಗೆ ಹೇಳಿದರು. "ಎಲ್ಲಾ ಅದಾ ಬಾರಸ್ಲಿ. ನುಂಗೂ ಹೊತ್ತಿಗೆ ಮಾತ್ರ ನಾ ಒತ್ತತೀನಿ. ನಡೀತೈತೇನು?"

"ನಡೀಬೇಕು ರಿ," ಎಂದಳು ಶಾಹೀನ್, ಖುಷಿಯಿಂದಲೇ. "ಆ ವ್ಯವಸ್ಥಾ ಮೊದಲಿಂದ ಐತಿ. ಜೀವಂತ ಕೈ ಬಂತಂದ್ರ ದಾಖಲೆ ಕೈ ಹಿಂದ ಸರದು, ನೀವು ಎತ್ತಿದ ನಾದದಿಂದ ಮುಂದ ಹೋಗತೈತಿ. ಪರೀಕ್ಷಾ ಮಾಡಿ ನೋಡಿಲ್ಲ, ಯಾಕಂದ್ರ ಜೀವಂತ ಕೈ ಯಾವೂ ಇರಲಿಲ್ಲ."

ಅಂದು ಸಂಜೆ ಮಾಸ್ತರ ಕೋಟು ಹಾಕಿಕೊಂಡು ಪೇಟಿಯ ಮುಂದೆ ಕೂತರು. ವಿಮಲಾ ಬಣ್ಣ ಹಚ್ಚಿಕೊಂಡು ಬಂದು ಅವರ ಕಾಲು ಮುಟ್ಟಿ, ಮಾತಾಡದೆ ಹೋದಳು. ಆಟ ಶುರುವಾಯಿತು. ಮಾಸ್ತರರ ಎದುರಿನ ಪೇಟಿಯಿಂದ ಮಾಸ್ತರರ ನಾದ ಬರುತ್ತಿತ್ತು, ಕೀಗಳು ಅಲುಗುತ್ತಿರಲಿಲ್ಲ. ತೊಡೆಯ ಮೇಲೆ ಕೈಯಿಟ್ಟುಕೊಂಡು ಅವರು ಕೇಳಿದರು. ಒಂದೆರಡು ಕಡೆ 'ವ್ಹಾ' ಎಂದು ತಲೆದೂಗಿ, ತಮ್ಮನ್ನು ತಾವೇ ಹೊಗಳಿಕೊಂಡಂತಾಯಿತೇನೋ ಎಂದು ಆಚೀಚೆ ನೋಡಿದರು.

ಎರಡನೆಯ ಅಂಕದ ಹಾಡು ತಾರಕಕ್ಕೇರಿ ಇಳಿಯತೊಡಗಿತು. ಮಾಸ್ತರ ಮುಖ ನೋಡಿದರು. ಬಣ್ಣದ ಕೆಳಗೂ ಬಾಡಿದ್ದು ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಜನ ಮೈ ಸಡಿಲಿಸಿ ಉಸಿರೆಳೆದುಕೊಳ್ಳುವ ಸದ್ದು ಅವರಿಗೆ ಕೇಳಿಸಿತು. ಸರಿಯಾದ ಹೊತ್ತು. ಎರಡೂ ಕೈ ಎತ್ತಿ ಅತ್ತೆಯ ನಾದ ಒತ್ತಿದರು.

ಏನೂ ಕೇಳಿಸಲಿಲ್ಲ.

ಮತ್ತೆ ಒತ್ತಿದರು, ಇನ್ನೂ ಜೋರಾಗಿ. ಪ್ಲಾಸ್ಟಿಕ್ಕಿನ ಟಕಟಕ ಸದ್ದು ಬಿಟ್ಟರೆ ಬೇರೇನಿಲ್ಲ. ವನ್ಸ್ ಮೋರ್ ಬಿತ್ತು. ಪೇಟಿಯಿಂದ ಅವರದೇ ಕೈ, ಅವರಿಗೆ ಸೊಪ್ಪು ಹಾಕದೆ, ಹಾಡನ್ನು ಮೊದಲಿಂದ ಎತ್ತಿಕೊಂಡಿತು. ವಿಮಲಾ ಅವರತ್ತ ನೋಡಿದಳು. ಮಾಸ್ತರ ತಮ್ಮ ಎರಡೂ ಅಂಗೈಗಳನ್ನು ತೆರೆದು ತೋರಿಸಿದರು. ಅದಕ್ಕೆ ಏನರ್ಥವೆಂದು ಅವರಿಗೂ ಗೊತ್ತಿರಲಿಲ್ಲ. ಅವಳು ಹಾಡಿದಳು. ಕೆಮ್ಮಿನ ಜಾಗ ಬಂದಾಗ ನಿಜವಾಗಿಯೇ ಕೆಮ್ಮಿದಳು, ಆ ಉದ್ದದ ಸ್ವರ ಅವಳಿಗೆ ಸಾಲಲಿಲ್ಲ; ಅದು ಮುಗಿದು ಪೇಟಿ ಮುಂದೆ ಹೋದ ಮೇಲೂ ಅವಳು ಕೆಮ್ಮುತ್ತಲೇ ಇದ್ದಳು. ಜನ ಚಪ್ಪಾಳೆ ತಟ್ಟಿದರು.

ಆಟ ಮುಗಿಯುತ್ತಿದ್ದಂತೆ ರಾಚಪ್ಪನವರಿಗೆ ಗಜೇಂದ್ರಗಡದ ಕಂಪನಿಯ ಮಾಲೀಕರಿಂದ ಫೋನು ಬಂತು. ಸಿಟ್ಟಿನ ಫೋನು.

"ನಮ್ಮ ವನ್ಸ್ ಮೋರ್ ಯಾರು ನುಂಗಿದವರು? ಹುಡುಗಿ ಹಾಡು ಮುಗಿಸಿ ಬಾಯಿ ಮುಚ್ಚಿಲ್ಲ, ಅತ್ತಿ ಬಂದು ನಿಂತ್ಳು. ಕಾವೇರಿ ಊಟಾ ಬಿಟ್ಟು ಕುಂತಾಳ. ದಿನಾ ಬೀಳೋ ವನ್ಸ್ ಮೋರ್, ಇವತ್ತ ಆಕಿ ಬೀಗರು ಬ್ಯಾರೆ ನೋಡಾಕ ಬಂದಿದ್ರು."

ಉಳಿದ ಮೂರು ಊರುಗಳಲ್ಲೂ ಹಾಗೇ ಆಗಿತ್ತು. ಅಲ್ಲಿ ಒಬ್ಬ ನಾಯಕಿಗೆ ವ್ಯತ್ಯಾಸ ತಿಳಿದಿರಲಿಲ್ಲ, ಇನ್ನೊಬ್ಬಳು ಬೇಗ ಮುಗಿಯಿತೆಂದು ಸಂತೋಷಪಟ್ಟಿದ್ದಳು, ಮತ್ತೊಬ್ಬಳು ಪೇಢೆ ಹಂಚಿದ್ದಳು. ನರಗುಂದದಲ್ಲಿ ಒತ್ತಿದ್ದು ನರಗುಂದವನ್ನು ಬಿಟ್ಟು ಎಲ್ಲ ಕಡೆ ಕೇಳಿಸಿತ್ತು.

ಮರುದಿನ ಶಾಹೀನ್ ತಾನೇ ಮಾಸ್ತರರ ಮನೆಗೆ ಬಂದಳು. ವಿಮಲಾಳೂ ಅಲ್ಲಿದ್ದಳು. ದ್ಯಾಮವ್ವ ರೊಟ್ಟಿ ತಟ್ಟುತ್ತಿದ್ದಳು.

"ತಪ್ಪು ನಂದ ಅನ್ರಿ," ಶಾಹೀನ್ ಎಂದಳು. "ಆದ್ರ ಎರಡು ನಿಯಮಾನೂ ಸರಿ ಅದಾವ. ಪೇಟಿ ಕೀಗೂ ಅದರ ಧ್ವನಿಗೂ ನಡುವಿನ ಸಂಬಂಧ ನಾವು ಕಡದೀವಿ. ಕೀ ಒತ್ತಿದ್ದು ಮೊದಲ ಧಾರವಾಡಕ್ಕ ಬರಬೇಕು, ಅಲ್ಲಿಂದ ಧ್ವನಿಗೆ ಹೋಗಬೇಕು. ಇಲ್ಲಂದ್ರ ಒಂದು ಸ್ವರ ಎರಡು ಸಲ ಕೇಳತೈತಿ."

"ಸರಿ."

"ಇನ್ನೊಂದು. ಒಂದೂರಿನಿಂದ ಬಂದದ್ದನ್ನ ತಿರುಗಿ ಅದಾ ಊರಿಗೆ ಕಳಸಬಾರದು. ಕಳಿಸಿದ್ರ ಅದು ಅಲ್ಲಿಂದ ಮತ್ತ ಧಾರವಾಡಕ್ಕ, ಮತ್ತ ಅಲ್ಲಿಗೆ, ಗಾಣದ ಎತ್ತಿನಂಗ ತಿರಗತಾನ ಇರತೈತಿ."

"ಅದೂ ಸರಿ."

"ಎರಡೂ ಕೂಡಿದ್ರ ನೀವು ಎಲ್ಲಿ ಕುಂದರತೀರಿ ಅಲ್ಲಿ ಒಂದ ಕಡೆ ನಿಮ್ಮ ಕೈ ಕೇಳೂದಿಲ್ಲ."

ಮಾಸ್ತರ ಬಹಳ ಹೊತ್ತು ರೊಟ್ಟಿ ಉಬ್ಬುವುದನ್ನು ನೋಡಿದರು.

"ಅಂದ್ರ ನಾ ಗಜೇಂದ್ರಗಡದಾಗ ಕುಂತು ಒತ್ತಿದ್ರ ಇಲ್ಲಿ ವಿಮಲಾಗ ಕೇಳತೈತಿ."

"ಹೌದ್ರಿ."

"ಅಲ್ಲಿ ಕುಂತ್ರ ಈಕಿ ಮುಖ ಕಾಣೂದಿಲ್ಲ."

"ಇಲ್ರಿ."

"ಮುಖಾ ನೋಡದ ನುಂಗೂದು ಹೆಂಗ?"

ನಿಯಮ ಸಡಿಲಿಸುವುದು ತನಗೆ ಒಂದು ಮಧ್ಯಾಹ್ನದ ಕೆಲಸ ಎಂದಳು ಶಾಹೀನ್. ಆದರೆ ಐದು ಊರಿನ ವ್ಯವಸ್ಥೆಯಲ್ಲಿ ಕೈಯಾಡಿಸಲು ಕೇಂದ್ರದ ಮೇಲಿನ ಸರ್ಕಾರಿ ಸಮಿತಿಯ ಒಪ್ಪಿಗೆ ಬೇಕು, ದೋಷ ಇಲ್ಲ ಎಂದು ದಿನವೂ ವರದಿ ಹೋಗುತ್ತಿರುವ ವ್ಯವಸ್ಥೆಯನ್ನು ಯಾಕೆ ತಿದ್ದಬೇಕೆಂದು ಸಮಿತಿ ಕೇಳುತ್ತದೆ, ಅದು ಸೇರುವುದೇ ನಾಟಕದ ಹಂಗಾಮು ಮುಗಿದ ಮೇಲೆ.

"ಹಂಗಾಮು ಮುಗಿಯೂತನಾ ನನ್ನ ಗಂಟಲಾ ಇರೂದಿಲ್ಲ," ಎಂದಳು ವಿಮಲಾ. ಸಿಟ್ಟಿನಲ್ಲೇನೂ ಅಲ್ಲ, ಬಸ್ಸಿನ ವೇಳೆ ಹೇಳುವವಳಂತೆ.

ದಾರಿ ಕಂಡದ್ದು ರಾಚಪ್ಪನವರಿಂದ; ಅದೂ ಪರೋಪಕಾರದಿಂದಲ್ಲ. ಅವರಿಗೆ ಕಾವೇರಿ ಮೊದಲಿಂದಲೂ ಬೇಕಾಗಿದ್ದಳು. ಗಜೇಂದ್ರಗಡದವರಿಗೆ ಫೋನು ಮಾಡಿ, ನಿಮ್ಮ ಹುಡುಗಿಗೆ ವನ್ಸ್ ಮೋರ್ ಬೇಕಲ್ಲ, ನರಗುಂದದಲ್ಲಿ ಅದನ್ನು ಆ ದೇವರೂ ನುಂಗಲಾರ, ಯಾಕೆಂದರೆ ನುಂಗುವ ಮಾಸ್ತರ ಇಲ್ಲೇ ಕೂರುತ್ತಾನೆ, ಎಂದರು. ಅವರು ಅರ್ಥವಾಗದೆ ಒಪ್ಪಿಕೊಂಡರು. ಎರಡು ನಿಯಮ ತಿದ್ದಲು ಒಂದು ಸಮಿತಿ ಬೇಕಾಗಿತ್ತು; ಇಬ್ಬರು ನಾಯಕಿಯರನ್ನು ಅದಲುಬದಲು ಮಾಡಲು ಒಂದು ಟೆಂಪೋ ಸಾಕಾಯಿತು. ನರಗುಂದದಲ್ಲಿ ಮಾಸ್ತರ ಒತ್ತಿದ್ದು ಇನ್ನು ಗಜೇಂದ್ರಗಡದ ವಿಮಲಾಳಿಗೆ ಕೇಳುತ್ತದೆ, ಎದುರಿಗಿರುವ ಕಾವೇರಿಗೆ ಕೇಳುವುದಿಲ್ಲ. ಮಾಸ್ತರ ತಾವೇ ಗಜೇಂದ್ರಗಡಕ್ಕೆ ಹೋಗಿ ಕೂತಿದ್ದರೂ ಫಲ ಇದೇ ಆಗುತ್ತಿತ್ತು. ಆದರೆ ಈ ವಯಸ್ಸಿನಲ್ಲಿ ಕ್ಯಾಂಪಿನ ಅನ್ನ ಬೇಡವೆಂದು ದ್ಯಾಮವ್ವ ಹೇಳಿಬಿಟ್ಟಿದ್ದಳು, ಅದಕ್ಕೆ ಯಾವ ಸಮಿತಿಯಲ್ಲೂ ಮೇಲ್ಮನವಿಯಿರಲಿಲ್ಲ.

ಹೊರಡುವ ಬೆಳಿಗ್ಗೆ ವಿಮಲಾ ಟ್ರಂಕು ಟೆಂಪೋಗೆ ಏರಿಸಿ, ಮಾಸ್ತರರನ್ನು ಕೇಳಿದಳು:

"ನೀವು ನನ್ನ ಕಾಣೂದಿಲ್ಲ. ನನಗ ಬೇಕಾದ ದಿನಾ ಯಾವುದು, ಬ್ಯಾಡಾದ ದಿನಾ ಯಾವುದು, ನಿಮಗ ಹೆಂಗ ತಿಳೀತೈತಿ?"

"ತಿಳಿಯೂದಿಲ್ಲ. ದಿನಾ ನುಂಗತೀನಿ."

"ಒಂದಿನ ಛಲೋ ಹಾಡಿ, ಇನ್ನೊಮ್ಮೆ ಹಾಡಬೇಕು ಅನಿಸಿದ್ರ?"

ಟೆಂಪೋದವನು ಹಾರ್ನು ಹೊಡೆದ.

ಕೇಂದ್ರದ ಕಾಗದಗಳಲ್ಲಿ ತನ್ನದೇ ದಾಖಲೆಯ ಪಕ್ಕ ಕೂರುವ ಮನುಷ್ಯನಿಗೆ ಹುದ್ದೆಯಿರಲಿಲ್ಲ. ಕೊನೆಗೆ 'ದಾಖಲೆಯ ಸಹಾಯಕ' ಎಂದು ಒಂದು ಹೆಸರಿಟ್ಟರು. ಸಹಾಯಕರು ಪ್ರತಿ ಸಂಜೆ ಕೋಟು ಹಾಕಿಕೊಂಡು ಹೋಗಿ ಪೇಟಿಯ ಮುಂದೆ ಕೂರುತ್ತಾರೆ. ಎರಡನೆಯ ಅಂಕದಲ್ಲಿ ಕಾವೇರಿ ಹಾಡು ಮುಗಿಸುತ್ತಾಳೆ. ಅವಳ ಮುಖ ಯಾವಾಗಲೂ ಅರಳಿರುತ್ತದೆ. ಆ ಅರಳಿದ ಮುಖ ನೋಡುತ್ತಲೇ ಮಾಸ್ತರ ಅತ್ತೆಯ ನಾದವನ್ನು ಗಟ್ಟಿಯಾಗಿ ಒತ್ತುತ್ತಾರೆ. ಸದ್ದಾಗುವುದಿಲ್ಲ. ಟೆಂಟು ವನ್ಸ್ ಮೋರ್ ಎನ್ನುತ್ತದೆ, ಕಾವೇರಿ ಮತ್ತೆ ಹಾಡುತ್ತಾಳೆ, ಸೊಗಸಾಗಿ ಕೆಮ್ಮುತ್ತಾಳೆ. ಮೊದಮೊದಲು ಅವಳಿಗೆ ಮಾಸ್ತರರ ಮೇಲೆ ಅನುಮಾನವಿತ್ತು.

"ಮಾಸ್ತರ, ನೀವು ನನ್ನ ಹಾಡಿಗೆ ಯಾಕ ಹಂಗ ಕೈ ಕುಟ್ಟತೀರಿ?"

"ನಿನ್ನ ಹಾಡಿಗಲ್ಲವ್ವಾ."

"ಮತ್ತ ಯಾರ ಹಾಡಿಗೆ?"

ಮಾಸ್ತರ ಗಜೇಂದ್ರಗಡದ ದಿಕ್ಕು ಯಾವುದೆಂದು ನೋಡಿ ಅತ್ತ ಕೈ ಮಾಡಿದರು. ಕಾವೇರಿ ಮತ್ತೆ ಕೇಳಲಿಲ್ಲ; ವಯಸ್ಸಾದ ಕಲಾವಿದರು ಕೆಲವೊಮ್ಮೆ ಹೀಗಾಗುತ್ತಾರೆಂದು ಅವಳು ಕೇಳಿದ್ದಳು.

ಮನೆಯಲ್ಲಿ ದ್ಯಾಮವ್ವ ಕೇಳುತ್ತಾಳೆ, "ಇವತ್ತ ಬಾರಸಿದ್ರೋ ಇಲ್ಲೋ?"

"ಬಾರಸಿದೆ. ಎಲ್ಲಿ ಕೇಳಿಸ್ತು ಅಂತ ಗೊತ್ತಿಲ್ಲ."

ಆ ಮಾತು ನಿಜ. ಅವರಿಗೆ ಗೊತ್ತಿಲ್ಲ. ಗಜೇಂದ್ರಗಡದಿಂದ ಒಮ್ಮೆ ವಿಮಲಾ ಫೋನು ಮಾಡಿದ್ದಳು. ದನಿ ಸ್ವಲ್ಪ ತಿಳಿಯಾಗಿತ್ತು. ಗಂಟುಗಳು ಕರಗುತ್ತಿವೆಯೆಂದು ಡಾಕ್ಟರು ಹೇಳಿದರಂತೆ. ಇಂದಿನ ಹಾಡು ತನಗೇ ಬಹಳ ಚೆನ್ನಾಗಿತ್ತು ಅನಿಸಿತು ಎಂದು ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾಸ್ತರ ಕಾದರು. ಕಾಯುವುದು ಅವರಿಗೆ ಅಭ್ಯಾಸ. ಕೊನೆಗೆ ಅವಳೇ "ಇರಲಿ ಬಿಡ್ರಿ, ನೀವು ನುಂಗೂದು ನುಂಗ್ರಿ" ಎಂದು ಫೋನಿಟ್ಟಳು.

ಸಮಿತಿ ಇನ್ನೂ ಸೇರಿಲ್ಲ. ಧಾರವಾಡದ ಪರದೆಯ ಮೇಲೆ ದೋಷ ಇಲ್ಲ ಎಂದೇ ಬರುತ್ತಿದೆ. ವಿಮಲಾ ಕೆರೂರ ಗಜೇಂದ್ರಗಡದ ಕ್ಯಾಂಪಿನಲ್ಲಿ ಎರಡನೆಯ ಅಂಕದ ಹಾಡನ್ನು ದಿನಕ್ಕೆ ಒಂದೇ ಸಲ ಹಾಡುತ್ತಾಳೆ.